ಒಂದು ಕಾಮಗಾರಿ, ಹದಿನೆಂಟು ಸಾಲು

ಅಮೆರಿಕದ ಹಲವು ರಾಜ್ಯಗಳ ಸಾರಿಗೆ ಇಲಾಖೆಗಳು ತಮ್ಮ ಹೆದ್ದಾರಿಗಳಲ್ಲಿ ಎಲ್ಲೆಲ್ಲಿ ಕಾಮಗಾರಿ ನಡೆಯುತ್ತಿದೆ, ಯಾವ ಲೇನ್ ಮುಚ್ಚಿದೆ, ಎಂದಿನವರೆಗೆ ಮುಚ್ಚಿರುತ್ತದೆ ಎಂಬ ವಿವರವನ್ನು ‘ವರ್ಕ್ ಝೋನ್ ಡೇಟಾ ಎಕ್ಸ್‌ಚೇಂಜ್’ ಎಂಬ ಸಮಾನ ನಮೂನೆಯಲ್ಲಿ ಎಲ್ಲರಿಗೂ ತೆರೆದಿಟ್ಟಿವೆ. ಅಲ್ಲಿನ ಕೇಂದ್ರ ಸಾರಿಗೆ ಇಲಾಖೆಯ ಮುಂದಾಳುತನದಲ್ಲಿ ರೂಪುಗೊಂಡ ಈ ನಮೂನೆಯ ದತ್ತಾಂಶವನ್ನು ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ) ಕೆದಕಿ ನೋಡಿದ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಆಜ್ಞೆಗಳನ್ನೂ ಕಾಲಂಗಳ ಹೆಸರನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇವೆ; ಕಂಪ್ಯೂಟರಿಗೆ ಕೊಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕಾಲಂ ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿಕೊಳ್ಳಬೇಕು.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಅಯೋವಾ ರಾಜ್ಯದ ಫೀಡ್ (ಇಲಾಖೆ ಆಗಾಗ ಹೊಸದಾಗಿಸಿ ಪ್ರಕಟಿಸುವ ಫೈಲ್) ಇಳಿಸಿಕೊಂಡು ಡಕ್‌ಡಿಬಿ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ತೆರೆದಿದ್ದೇನೆ. ಒಟ್ಟು ಕಾಮಗಾರಿಗಳನ್ನು ಎಣಿಸಿದರೆ ಒಂದು ಸಂಖ್ಯೆ ಬರುತ್ತದೆ. ರಸ್ತೆವಾರು ಎಣಿಸಿ ಕೂಡಿದರೆ ಅದಕ್ಕಿಂತ ಹೆಚ್ಚು ಬರುತ್ತದೆ. ಲೇನ್‌ಗಳ ವಿವರವನ್ನೂ ಸೇರಿಸಿದರೆ ಸಂಖ್ಯೆ ಇನ್ನಷ್ಟು ಉಬ್ಬುತ್ತದೆ. ಯಾವುದನ್ನು ವರದಿಯಲ್ಲಿ ಬರೆಯಲಿ ಎಂದು ನಮ್ಮ ಗೈಡ್ ಅವರನ್ನು ಕೇಳಿದರೆ, ‘ನೀನೇ ಕಂಡುಕೊ’ ಎಂದರು. — ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಕೇಳಿದ ಪ್ರಶ್ನೆಯಲ್ಲಿ, ವ್ಯಾಕರಣದ ತಪ್ಪೇನೂ ಕಾಣುವುದಿಲ್ಲ, ಎಣಿಸುತ್ತಿರುವುದು ಏನನ್ನು ಎಂಬುದನ್ನು ಮಾತ್ರ ನೀವಿನ್ನೂ ನಿರ್ಧರಿಸಿಕೊಂಡಂತಿಲ್ಲ. ಈ ಫೀಡ್, ನಕ್ಷೆಯ ಮಾಹಿತಿಯನ್ನು ಬರೆದಿಡುವ ಜಿಯೋಜೇಸನ್ ಸ್ವರೂಪದ ಒಂದು ಫೈಲ್. ಅದರೊಳಗೆ ‘ಫೀಚರ್ಸ್’ ಎಂಬ ಪಟ್ಟಿಯಿದೆ. ಆ ಪಟ್ಟಿಯ ಪ್ರತಿಯೊಂದು ಘಟಕವೂ ಒಂದು ‘ರೋಡ್ ಈವೆಂಟ್’. ನೀವು ಅನ್‌ನೆಸ್ಟ್ ಆಜ್ಞೆಯಿಂದ ಪಟ್ಟಿಯನ್ನು ಬಿಡಿಸಿದಾಗ ಸಿಗುವ ಒಂದೊಂದು ಸಾಲೂ ಇಂತಹ ಒಂದೊಂದು ಈವೆಂಟ್. ನಮೂನೆಯ ನಿಯಮದ ಪ್ರಕಾರ ಒಂದು ಈವೆಂಟ್ ರಸ್ತೆಯ ಒಂದೇ ದಿಕ್ಕಿಗೆ ಸೇರಿರಬೇಕು, ಮತ್ತು ಅದರ ಉದ್ದಕ್ಕೂ ಲೇನ್‌ಗಳ ಸ್ಥಿತಿ ಒಂದೇ ಆಗಿರಬೇಕು. ಗುತ್ತಿಗೆದಾರನ ದೃಷ್ಟಿಯಲ್ಲಿ ‘ಒಂದು ಕಾಮಗಾರಿ’ ಎನಿಸಿಕೊಳ್ಳುವುದಕ್ಕೂ ಇದಕ್ಕೂ ಸಾಕಷ್ಟು ಅಂತರವಿದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಅಯೋವಾದ ರಾಜಧಾನಿ ಡೆಸ್ ಮೊಯಿನ್‌ನ ಪಶ್ಚಿಮ ಮತ್ತು ಉತ್ತರ ಭಾಗಗಳಲ್ಲಿ ಐ-35 ಮತ್ತು ಐ-80 ಹೆದ್ದಾರಿಗಳು ಒಂದೇ ಡಾಂಬರಿನ ಮೇಲೆ ಸಾಗುತ್ತವೆ. ಅವು ಕೂಡುವ ಮತ್ತು ಅಗಲುವ ಜಂಕ್ಷನ್‌ಗಳನ್ನು ಅಲ್ಲಿಯ ಜನ ‘ಮಿಕ್ಸ್‌ಮಾಸ್ಟರ್’ ಎಂದೇ ಕರೆಯುತ್ತಾರೆ. ಈ ಪಾಲಿನಲ್ಲಿ ಒಂದು ಸೇತುವೆಯ ಮೇಲ್ಮೈ ದುರಸ್ತಿ ನಡೆಯುತ್ತಿದೆ ಎಂದುಕೊಳ್ಳಿ. ಎರಡೂ ದಿಕ್ಕಿನಲ್ಲಿ ಬಲಗಡೆಯ ಲೇನ್ ಮುಚ್ಚಿದೆ, ಆದ್ದರಿಂದ ಎರಡು ಸಾಲು. ಪೂರ್ವಕ್ಕೆ ಹೋಗುವ ಬದಿಯಲ್ಲಿ ಅರ್ಧ ದೂರ ಒಂದು ಲೇನ್, ಉಳಿದರ್ಧದಲ್ಲಿ ಎರಡು ಲೇನ್ ಮುಚ್ಚಿದ್ದರೆ ಆ ಬದಿ ಎರಡಾಗಿ ಒಡೆದು ಒಟ್ಟು ಮೂರು ಸಾಲಾಗುತ್ತದೆ. ‘ರೋಡ್ ನೇಮ್ಸ್’ ಎಂಬುದು ಒಂದೇ ಹೆಸರಲ್ಲ, ಹೆಸರುಗಳ ಪಟ್ಟಿ; ಇಲ್ಲಿ ಅದರಲ್ಲಿ ಐ-35, ಐ-80 ಎರಡೂ ಇರುತ್ತವೆ. ರಸ್ತೆವಾರು ಲೆಕ್ಕಕ್ಕಾಗಿ ಆ ಪಟ್ಟಿಯನ್ನು ಬಿಡಿಸಿದೊಡನೆ ಮೂರು ಸಾಲು ಆರಾಗುತ್ತದೆ. ಪ್ರತಿ ದಿಕ್ಕಿನಲ್ಲಿ ಮೂರು ಲೇನ್ ಇದ್ದು, ‘ಲೇನ್ಸ್’ ಪಟ್ಟಿಯನ್ನೂ ಬಿಡಿಸಿದರೆ ಹದಿನೆಂಟು. ದುರಸ್ತಿಯಾಗುತ್ತಿರುವುದು ಒಂದೇ ಸೇತುವೆ.

ಆದ್ದರಿಂದ ಮೊದಲ ಕಟ್ಟುನಿಟ್ಟು: ಪಟ್ಟಿಗಳನ್ನು ಬಿಡಿಸಿದ ಟೇಬಲ್‌ನಲ್ಲಿ ಎಲ್ಲ ಸಾಲುಗಳನ್ನೂ ಎಣಿಸುವ ‘ಕೌಂಟ್ ಸ್ಟಾರ್’ ಬಳಸಬೇಡಿ, ಈವೆಂಟಿನ ಗುರುತಾದ ಐಡಿಯನ್ನು ಒಂದೊಂದೇ ಸಲ ಎಣಿಸುವ ‘ಕೌಂಟ್ ಡಿಸ್ಟಿಂಕ್ಟ್ ಐಡಿ’ ಬಳಸಿ. ಹಾಗೆ ಮಾಡಿದರೂ ರಸ್ತೆವಾರು ಮೊತ್ತವು ಒಟ್ಟು ಮೊತ್ತಕ್ಕಿಂತ ಹೆಚ್ಚೇ ಇರುತ್ತದೆ, ಏಕೆಂದರೆ ಆ ಸೇತುವೆ ನಿಜವಾಗಿಯೂ ಎರಡೂ ಹೆದ್ದಾರಿಗಳಿಗೆ ಸೇರಿದೆ. ವರದಿಯಲ್ಲಿ ಟೇಬಲ್‌ನ ಕೆಳಗೆ ‘ಎರಡು ಹೆದ್ದಾರಿ ಒಂದಾಗಿರುವಲ್ಲಿ ಎರಡರಲ್ಲೂ ಎಣಿಸಲಾಗಿದೆ’ ಎಂದು ಒಂದು ಸಾಲು ಬರೆದುಬಿಡಿ. ಪರೀಕ್ಷಕರ ಮುಂದೆ ತಡವರಿಸುವ ಪ್ರಮೇಯ ಬರುವುದಿಲ್ಲ. ಎರಡನೆಯದಾಗಿ, ಬದಲಿ ಮಾರ್ಗಗಳೂ ‘ಡೀಟೂರ್’ ಎಂಬ ಹೆಸರಿನಲ್ಲಿ ಇದೇ ಫೀಡ್‌ನಲ್ಲಿ ಬರುತ್ತವೆ. ‘ವೇರ್’ ಭಾಗದಲ್ಲಿ ‘ಈವೆಂಟ್ ಟೈಪ್’ ಕಾಲಂ ‘ವರ್ಕ್-ಝೋನ್’ಗೆ ಸಮ ಎಂಬ ಷರತ್ತು ಹಾಕದಿದ್ದರೆ, ವಾಹನಗಳನ್ನು ತಿರುಗಿಸಿ ಕಳುಹಿಸಿದ ನಿರಪರಾಧಿ ರಸ್ತೆಯೂ ಕಾಮಗಾರಿಯ ಲೆಕ್ಕಕ್ಕೆ ಬೀಳುತ್ತದೆ. ಮೂರನೆಯದು ‘ಡೈರೆಕ್ಷನ್’ ಕಾಲಂ. ಆ ಜಂಟಿ ಪಾಲಿನಲ್ಲಿ ಐ-80ರ ಪೂರ್ವಮುಖ ಪ್ರಯಾಣವೇ ಐ-35ರ ಉತ್ತರಮುಖ ಪ್ರಯಾಣವೂ ಹೌದು. ಆದರೆ ಕಾಲಂನಲ್ಲಿ ಒಂದೇ ದಿಕ್ಕಿಗೆ ಜಾಗವಿದೆ. ‘ಈಸ್ಟ್‌ಬೌಂಡ್’ ಎಂದಷ್ಟೇ ಹುಡುಕಿದರೆ ‘ನಾರ್ತ್‌ಬೌಂಡ್’ ಎಂದು ನಮೂದಾದ ಈವೆಂಟ್ ಸದ್ದಿಲ್ಲದೆ ಜಾರಿಹೋಗುತ್ತದೆ.

ಒಡೆದ ಸಾಲುಗಳನ್ನು ಮತ್ತೆ ಕೂಡಿಸಲು ನಮೂನೆಯೇ ಒಂದು ಕೊಂಡಿಯನ್ನು ಕೊಟ್ಟಿದೆ. ‘ರಿಲೇಟೆಡ್ ರೋಡ್ ಈವೆಂಟ್ಸ್’ ಪಟ್ಟಿಯಲ್ಲಿ ‘ಫಸ್ಟ್-ಇನ್-ಸೀಕ್ವೆನ್ಸ್’ ಎಂಬ ಸಂಬಂಧ ನಮೂದಾಗಿದ್ದರೆ, ಆ ಸಾಲು ಯಾವ ಸರಣಿಗೆ ಸೇರಿದೆ ಎಂಬುದನ್ನು ಸರಣಿಯ ಮೊದಲ ಈವೆಂಟಿನ ಐಡಿ ಹೇಳುತ್ತದೆ. ‘ಕೋಆಲೆಸ್’ ಎಂಬ ಫಂಕ್ಷನ್ನಿಗೆ ಮೊದಲು ಆ ಐಡಿಯನ್ನೂ, ಅದು ಇಲ್ಲದಿದ್ದರೆ ಸ್ವಂತ ಐಡಿಯನ್ನೂ ಕೊಟ್ಟು ಹೊಸ ಕಾಲಂ ಮಾಡಿಕೊಂಡು ಅದರ ಮೇಲೆ ‘ಗ್ರೂಪ್ ಬೈ’ ಮಾಡಿ. ಮೇಲಿನ ಉದಾಹರಣೆಯಲ್ಲಿ ಆಗ ಎರಡು ಗುಂಪು ಉಳಿಯುತ್ತವೆ, ದಿಕ್ಕಿಗೊಂದರಂತೆ. ಇನ್ನೂ ಮುಂದೆ ಹೋಗಿ ಎರಡೂ ದಿಕ್ಕುಗಳನ್ನು ಒಂದು ಮಾಡಲು ‘ವಿತ್ ರಿಕರ್ಸಿವ್’ ಬಳಸಿ ಎಲ್ಲ ಸಂಬಂಧಗಳ ಜಾಡು ಹಿಡಿಯಬಹುದು, ಆದರೆ ಅದು ಬೇಡವೆಂಬುದು ನನ್ನ ಸಲಹೆ. ಅಡಚಣೆ ಅನುಭವಿಸುವವನು ಒಂದು ದಿಕ್ಕಿನಲ್ಲಿ ಮಾತ್ರ ಹೋಗುತ್ತಿರುತ್ತಾನೆ. ‘ದಿಕ್ಕುವಾರು ಕಾಮಗಾರಿಗಳು’ ಎಂದು ಕಾಲಂಗೆ ಶೀರ್ಷಿಕೆ ಕೊಟ್ಟು ಆ ಸಂಖ್ಯೆಯನ್ನೇ ಬರೆಯಿರಿ. ಫೀಡ್ ಪ್ರಕಟಿಸಿದವರು ಈ ಕೊಂಡಿಗಳನ್ನು ತುಂಬದಿದ್ದರೆ ಮಾತ್ರ ಸಾಲಿನ ಲೆಕ್ಕದಲ್ಲೇ ನಿಲ್ಲಬೇಕಾಗುತ್ತದೆ. ಅದನ್ನೂ ಹಾಗೆಯೇ ಹೇಳಿ.

ಪ್ರಶ್ನೆ: ನಾನು ಡೆಸ್ ಮೊಯಿನ್‌ನಲ್ಲೇ ವಾಸವಾಗಿದ್ದೇನೆ. ರಾತ್ರಿ ಪಾಳಿಯ ಕಾಮಗಾರಿಗಳನ್ನು ವಾರದ ದಿನಗಳ ಪ್ರಕಾರ ವಿಂಗಡಿಸಿದೆ. ನಮ್ಮ ಮನೆಯ ಬಳಿಯ ಫಲಕದಲ್ಲಿ ಶುಕ್ರವಾರ ರಾತ್ರಿ 9ರಿಂದ ಎಂದಿದೆ, ನನ್ನ ಟೇಬಲ್‌ನಲ್ಲಿ ಅದು ಶನಿವಾರಕ್ಕೆ ಬಿದ್ದಿದೆ. ಸಮಯ ಪರಿವರ್ತಿಸಲು ಪ್ರಯತ್ನಿಸಿದಾಗ ಇನ್ನಷ್ಟು ದೂರ ಸರಿಯಿತು. — ಓದುಗರು, ಅಯೋವಾ

ಉತ್ತರ: ಫೀಡ್‌ನಲ್ಲಿ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಸಮಾನವಾದ ಪ್ರಮಾಣ ಸಮಯದಲ್ಲಿ, ಬರೆಯುತ್ತಾರೆ. ಬೇಸಿಗೆಯ ಗಡಿಯಾರದಲ್ಲಿ ಅಯೋವಾ ಯುಟಿಸಿಗಿಂತ 5 ಗಂಟೆ ಹಿಂದೆ, ಚಳಿಗಾಲದಲ್ಲಿ 6 ಗಂಟೆ ಹಿಂದೆ ಇರುತ್ತದೆ. ಶುಕ್ರವಾರ ರಾತ್ರಿ 9 ಎಂಬುದು ಜುಲೈನಲ್ಲಿ ಶನಿವಾರದ 02:00 ಆಗಿ ನಮೂದಾಗುತ್ತದೆ, ಬೆಳಗಿನ 5 ಗಂಟೆಯು 10:00 ಆಗುತ್ತದೆ. ಸ್ಥಳೀಯ ಸಮಯಕ್ಕೆ ತರದೆ ವಾರವನ್ನು ಲೆಕ್ಕಹಾಕಿದರೆ ಇಡೀ ರಾತ್ರಿ ಪಾಳಿಯೇ ಒಂದು ದಿನ ಮುಂದಕ್ಕೆ ಸರಿದು, ಶುಕ್ರವಾರ ರಾತ್ರಿಯ ಕೆಲಸ ವಾರಾಂತ್ಯದ ಕೆಲಸವಾಗಿ ಕಾಣುತ್ತದೆ.

ಪರಿವರ್ತಿಸಿದಾಗ ಇನ್ನೂ ದೂರ ಹೋದದ್ದಕ್ಕೆ ‘ಅಟ್ ಟೈಮ್ ಝೋನ್’ ಎಂಬ ಆಜ್ಞೆಯ ಇಬ್ಬಗೆಯ ನಡವಳಿಕೆ ಕಾರಣವಿರಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲೂ ಡಕ್‌ಡಿಬಿಯಲ್ಲೂ ಇದು ಒಂದೇ ರೀತಿ ವರ್ತಿಸುತ್ತದೆ. ಕಾಲಂ ಕಾಲವಲಯ ಸಹಿತವಾದ ಟೈಮ್‌ಸ್ಟ್ಯಾಂಪ್ ಆಗಿದ್ದರೆ, ‘ಅಮೆರಿಕ/ಶಿಕಾಗೊ’ ಎಂದು ವಲಯ ಕೊಟ್ಟಾಗ ಅದು ಸ್ಥಳೀಯ ಗಡಿಯಾರದ ಸಮಯವನ್ನು ಹಿಂದಿರುಗಿಸುತ್ತದೆ. ಕಾಲಂ ವಲಯವಿಲ್ಲದ ಬರಿಯ ಟೈಮ್‌ಸ್ಟ್ಯಾಂಪ್ ಆಗಿದ್ದರೆ ಅದೇ ಆಜ್ಞೆ, ‘ಇಲ್ಲಿರುವುದು ಶಿಕಾಗೊ ಸಮಯ’ ಎಂದು ಭಾವಿಸಿ ತದ್ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ಹೀಗೆ 02:00 ಎಂಬುದು 21:00 ಆಗುವ ಬದಲು 07:00 ಆಗಿ ಕೂರುತ್ತದೆ. ಮೊದಲು ಡಕ್‌ಡಿಬಿಯ ‘ಡಿಸ್ಕ್ರೈಬ್’ ಆಜ್ಞೆಯಿಂದ ಕಾಲಂನ ಪ್ರಕಾರವನ್ನು ನೋಡಿ. ವಲಯವಿಲ್ಲದಿದ್ದರೆ ಎರಡು ಹೆಜ್ಜೆ ಇಡಿ: ಮೊದಲು ‘ಅಟ್ ಟೈಮ್ ಝೋನ್ ಯುಟಿಸಿ’, ಅದರ ಫಲಿತಕ್ಕೆ ಮತ್ತೆ ‘ಅಟ್ ಟೈಮ್ ಝೋನ್ ಅಮೆರಿಕ/ಶಿಕಾಗೊ’. ಐದು ಗಂಟೆ ಕಳೆಯುವ ಕೈಲೆಕ್ಕವನ್ನು ಮಾತ್ರ ಮಾಡಬೇಡಿ. ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿದ ಮೇಲೆ ನಿಮ್ಮ ಟೇಬಲ್ ಒಂದು ಗಂಟೆ ಸುಳ್ಳು ಹೇಳತೊಡಗುತ್ತದೆ. ಭಾರತದಿಂದ ಹೋದ ನಮಗೆ ಗಡಿಯಾರ ತಿರುಗಿಸುವ ಈ ಪದ್ಧತಿ ಸುಲಭವಾಗಿ ಮರೆತುಹೋಗುತ್ತದೆ.

ಇನ್ನೊಂದು ಮಾತು. ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ ಮಾತ್ರ ನಡೆಯುವ ಕೆಲಸವು ಐದು ಬೇರೆಬೇರೆ ಈವೆಂಟ್‌ಗಳಾಗಿ ಬರಬೇಕು. ಅವನ್ನು ಒಂದಕ್ಕೊಂದು ಜೋಡಿಸಲು ‘ನೆಕ್ಸ್ಟ್-ಅಕರೆನ್ಸ್’ ಎಂಬ ಸಂಬಂಧವಿದೆ. ಸೋಮವಾರ ರಾತ್ರಿ 9ಕ್ಕೆ ಆರಂಭ, ಶನಿವಾರ ಬೆಳಗ್ಗೆ 5ಕ್ಕೆ ಮುಕ್ತಾಯ ಎಂದು ಒಂದೇ ಸಾಲು ಕಂಡರೆ, ಹಗಲಿನಲ್ಲೂ ಲೇನ್ ಮುಚ್ಚಿದೆ ಎಂದು ತಕ್ಷಣ ತೀರ್ಮಾನಿಸದೆ ‘ಡಿಸ್ಕ್ರಿಪ್ಷನ್’ ಕಾಲಂನ ಬರಹವನ್ನು ಓದಿ ನೋಡಿ. ಹಾಗೆಯೇ ‘ಈ ವಾರ ಯಾವ ಕಾಮಗಾರಿ ಇದೆ’ ಎಂದು ಹುಡುಕುವಾಗ ಆರಂಭದ ದಿನ ಈ ವಾರದೊಳಗೆ ಬಿದ್ದಿದೆಯೇ ಎಂದು ‘ಬಿಟ್ವೀನ್’ನಿಂದ ನೋಡುವುದು ಸಾಲದು, ಏಪ್ರಿಲ್‌ನಲ್ಲಿ ಶುರುವಾಗಿ ಇನ್ನೂ ನಡೆಯುತ್ತಿರುವುದೆಲ್ಲ ಬಿಟ್ಟುಹೋಗುತ್ತದೆ. ಆರಂಭವು ವಾರದ ಕೊನೆಗಿಂತ ಮೊದಲು ಮತ್ತು ಮುಕ್ತಾಯವು ವಾರದ ಮೊದಲಿಗಿಂತ ನಂತರ ಎಂಬ ಎರಡು ಷರತ್ತು ಒಟ್ಟಿಗಿರಬೇಕು.

ಪ್ರಶ್ನೆ: ನ್ಯೂಯಾರ್ಕ್ ನಗರದ ತೆರೆದ ದತ್ತಾಂಶ ತಾಣದಿಂದ ರಸ್ತೆ ಅಗೆತದ ಪರ್ಮಿಟ್‌ಗಳನ್ನು ವೆಬ್ ವಿಳಾಸದ ಮೂಲಕ ತರಿಸಿಕೊಂಡೆ. ಯಾವ ವರ್ಷ ಕೇಳಿದರೂ ಸರಿಯಾಗಿ 1000 ಪರ್ಮಿಟ್ ಬರುತ್ತವೆ. ನಗರಪಾಲಿಕೆ ವರ್ಷಕ್ಕೆ ಇಷ್ಟೇ ಎಂದು ಮಿತಿ ಹಾಕಿದೆಯೇ? — ಓದುಗರು, ಮೈಸೂರು

ಉತ್ತರ: ಮಿತಿ ಹಾಕಿರುವುದು ತಾಣದ ತಂತ್ರಾಂಶ. ಅದು ಸೊಕ್ರಾಟಾ ಎಂಬ ವೇದಿಕೆಯ ಮೇಲೆ ನಡೆಯುತ್ತದೆ. ‘ಲಿಮಿಟ್’ ಎಷ್ಟೆಂದು ನೀವು ಹೇಳದಿದ್ದರೆ ಅದು 1000 ಸಾಲು ಕೊಟ್ಟು ಸುಮ್ಮನಾಗುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ವಿಳಾಸದಲ್ಲಿ ‘ಲಿಮಿಟ್’, ‘ಆಫ್‌ಸೆಟ್’ ಎರಡನ್ನೂ ಬರೆದು ಕಂತುಕಂತಾಗಿ ತರಿಸಿಕೊಳ್ಳಿ, ಜೊತೆಗೆ ‘ಆರ್ಡರ್’ ಕೂಡ ಇರಲಿ. ಕ್ರಮ ಹೇಳದಿದ್ದರೆ ಒಂದೇ ಸಾಲು ಎರಡು ಕಂತಿನಲ್ಲಿ ಬರಬಹುದು, ಇನ್ನೊಂದು ಯಾವುದರಲ್ಲೂ ಬರದಿರಬಹುದು. ಬೇಕಿರುವುದು ಎಣಿಕೆ ಮಾತ್ರವಾದರೆ ಸಾಲುಗಳನ್ನು ಇಳಿಸಿಕೊಳ್ಳುವ ಅಗತ್ಯವೇ ಇಲ್ಲ, ಆ ವೇದಿಕೆಯದೇ ಕ್ವೆರಿ ಭಾಷೆಯಾದ ಸೋಕ್ಯೂಎಲ್‌ನಲ್ಲಿ ‘ಸೆಲೆಕ್ಟ್ ಕೌಂಟ್’ ಎಂದು ಕೇಳಿದರೆ ಅಲ್ಲಿಯೇ ಎಣಿಸಿ ಕೊಡುತ್ತದೆ. ಪರ್ಮಿಟ್ ಎಂದರೆ ಅನುಮತಿಯ ಚೀಟಿ ಎಂಬುದು ಮಾತ್ರ ನೆನಪಿರಲಿ: ಅನುಮತಿ ಪಡೆದವರೆಲ್ಲ ಅಗೆದಿರುವುದಿಲ್ಲ, ಒಂದೇ ಕೆಲಸಕ್ಕೆ ಹಲವು ಚೀಟಿಗಳೂ ಇರುತ್ತವೆ.

ಪ್ರಶ್ನೆ: ಸರಕು ಸಾಗಣೆ ಕಂಪನಿಯೊಂದರಲ್ಲಿ ದತ್ತಾಂಶದ ಕೆಲಸ ಮಾಡುತ್ತೇನೆ. ವೇಗಮಿತಿಯನ್ನು 55ಕ್ಕೆ ಇಳಿಸಿದ ಕಾಮಗಾರಿ ವಲಯಗಳನ್ನು ಕೇಳಿದರೆ ಒಂದೂ ಬರುವುದಿಲ್ಲ, ಆದರೆ ಚಾಲಕರು ಅಂಥ ಫಲಕಗಳನ್ನು ದಿನವೂ ನೋಡುತ್ತಾರೆ. ಕೆಲಸಗಾರರು ಇಲ್ಲದ ವಲಯಗಳ ಪಟ್ಟಿಯೂ ತೀರಾ ಚಿಕ್ಕದಾಗಿ ಬಂದಿದೆ. ಜೊತೆಗೆ, ನಮ್ಮ ಗೋದಾಮಿನಿಂದ 5 ಕಿಲೋಮೀಟರ್ ಒಳಗಿನವನ್ನು ಹೇಗೆ ಹುಡುಕಲಿ? — ಓದುಗರು, ಟೆಕ್ಸಸ್

ಉತ್ತರ: ಫಲಕದ ಮೇಲಿರುವುದು ಮೈಲಿ, ಫೀಡ್‌ನಲ್ಲಿರುವುದು ಕಿಲೋಮೀಟರ್. ಕಾಲಂನ ಹೆಸರಿನ ಬಾಲದಲ್ಲಿಯೇ ‘ಕೆಪಿಎಚ್’ ಎಂದಿದೆ, ನೋಡಿ. 55 ಮೈಲಿ ಎಂದರೆ 88.51 ಕಿಲೋಮೀಟರ್, ದಶಮಾಂಶದ ಸ್ಥಾನಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಕತ್ತರಿಸುವುದರಿಂದ ಸಮಚಿಹ್ನೆಯನ್ನು ನಂಬದೆ 88 ಮತ್ತು 89ರ ನಡುವೆ ಎಂದು ಕೇಳಿ. ಅಥವಾ 1.609344ರಿಂದ ಭಾಗಿಸಿ ‘ರೌಂಡ್’ ಮಾಡಿದರೆ ಫಲಕದ ಅಂಕಿಯೇ ಸಿಗುತ್ತದೆ.

ಕೆಲಸಗಾರರ ವಿಷಯದಲ್ಲಿ ತೊಡಕಾಗಿರುವುದು ‘ನಲ್’, ಅಂದರೆ ಏನನ್ನೂ ತುಂಬದೆ ಖಾಲಿ ಬಿಟ್ಟ ಜಾಗ. ಕೆಲಸಗಾರರ ಹಾಜರಿ ತುಂಬಲೇಬೇಕಾದ ಕಾಲಂ ಅಲ್ಲ. ‘ಫಾಲ್ಸ್’ಗೆ ಸಮ ಎಂದು ಕೇಳಿದಾಗ, ಏನನ್ನೂ ತುಂಬದ ಸಾಲುಗಳು ಆ ಕಡೆಗೂ ಈ ಕಡೆಗೂ ಸೇರದೆ ಬಿದ್ದುಹೋಗುತ್ತವೆ. ಹಾಗೆಂದು ‘ನಲ್’ ಇದ್ದದ್ದನ್ನೆಲ್ಲ ‘ಇಲ್ಲ’ ಎಂದು ಓದುವುದು ಇನ್ನೂ ದೊಡ್ಡ ತಪ್ಪು. ಅಮೆರಿಕದ ಕಾಮಗಾರಿ ವಲಯಗಳ ಅಪಘಾತಗಳಲ್ಲಿ ವರ್ಷಕ್ಕೆ ಎಂಟುನೂರಕ್ಕೂ ಹೆಚ್ಚು ಜನ ಸಾಯುತ್ತಾರೆ. ಯಾರೂ ಹೇಳಿಲ್ಲವೆಂಬ ಕಾರಣಕ್ಕೆ ಕೆಲಸಗಾರರಿಲ್ಲವೆಂದು ಚಾಲಕನಿಗೆ ತಿಳಿಸುವ ಟೇಬಲ್ ಅನ್ನು ದಯವಿಟ್ಟು ಕಟ್ಟಬೇಡಿ. ಇದೆ, ಇಲ್ಲ, ನಮೂದಾಗಿಲ್ಲ ಎಂದು ಮೂರು ಗುಂಪು ಮಾಡಿ.

ದೂರದ ಲೆಕ್ಕಕ್ಕೆ ಪೋಸ್ಟ್‌ಜಿಐಎಸ್ (ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ನಕ್ಷೆಯ ಲೆಕ್ಕ ಕಲಿಸುವ ಜೋಡಣೆ) ಒಳ್ಳೆಯದು. ಫೀಡ್‌ನ ನಿರ್ದೇಶಾಂಕಗಳು ಡಿಗ್ರಿಯಲ್ಲಿರುತ್ತವೆ. ಹಾಗೆಯೇ ದೂರ ಕೇಳಿದರೆ ಉತ್ತರವೂ ಡಿಗ್ರಿಯಲ್ಲಿಯೇ ಬರುತ್ತದೆ. ಒಂದು ಡಿಗ್ರಿ ಅಕ್ಷಾಂಶ ಎಲ್ಲಿಯೇ ಆದರೂ ಸುಮಾರು 111 ಕಿಲೋಮೀಟರ್, ಆದರೆ ಒಂದು ಡಿಗ್ರಿ ರೇಖಾಂಶ ಬೆಂಗಳೂರಿನಲ್ಲಿ ಸುಮಾರು 108, ಡೆಸ್ ಮೊಯಿನ್‌ನಲ್ಲಿ 83. ಜ್ಯಾಮಿತಿಯ ಕಾಲಂ ಅನ್ನು ‘ಜಿಯಾಗ್ರಫಿ’ ಪ್ರಕಾರಕ್ಕೆ ಬದಲಿಸಿ, ‘ಎಸ್‌ಟಿ ಡಿವಿದಿನ್’ ಫಂಕ್ಷನ್ನಿಗೆ ಗೋದಾಮಿನ ಬಿಂದುವನ್ನೂ 5000 ಎಂಬ ಅಂಕಿಯನ್ನೂ ಕೊಡಿ. ಅದು ಮೀಟರ್ ಎಂದೇ ತಿಳಿಯುತ್ತದೆ. ಬಿಂದುವನ್ನು ಬರೆಯುವಾಗ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. 2016ರಲ್ಲಿ ಪ್ರಕಟವಾದ ಜಿಯೋಜೇಸನ್ ಮಾನದಂಡದ ಕ್ರಮವೂ ಇದೇ. ಅಯೋವಾದಲ್ಲಿ ಇವನ್ನು ಅದಲುಬದಲು ಮಾಡಿದರೆ ಅಕ್ಷಾಂಶ ಮೈನಸ್ 93 ಆಗಿ, ಭೂಮಿಯ ಮೇಲೆ ಅಂತಹ ಜಾಗವೇ ಇಲ್ಲದ್ದರಿಂದ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನಲ್ಲಿ ಆ ಅದೃಷ್ಟವಿಲ್ಲ. 77.59, 12.97 ಎಂಬುದನ್ನು ತಿರುಗಿಸಿ ಬರೆದರೆ ಉತ್ತರ ಧ್ರುವದ ಹಾದಿಯಲ್ಲಿರುವ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಸಮುದ್ರ ಸಿಗುತ್ತದೆ. ಒಂದು ಮಧ್ಯಾಹ್ನವೆಲ್ಲ ನಾನು ಮೆಜೆಸ್ಟಿಕ್‌ನ ಸುತ್ತ ಯಾವ ರಸ್ತೆಯೂ ಇಲ್ಲವೆಂದು ಡೇಟಾಬೇಸ್ ಮೇಲೆ ಸಿಟ್ಟಾಗಿದ್ದುದು ಇದೇ ಕಾರಣಕ್ಕೆ.

ಪ್ರಶ್ನೆ: ಕಾಮಗಾರಿಗಳು ಹೇಳಿದ ದಿನಕ್ಕೆ ಮುಗಿಯುತ್ತವೆಯೇ ಎಂದು ಕಳೆದ ವರ್ಷದ ದತ್ತಾಂಶದಿಂದ ಲೆಕ್ಕಹಾಕಬೇಕೆಂದಿದ್ದೇನೆ. ಮುಕ್ತಾಯದ ದಿನ ದಾಟಿದ ಸಾಲುಗಳನ್ನು ಹುಡುಕಿದರೆ ಏನೂ ಸಿಗುತ್ತಿಲ್ಲ. — ಓದುಗರು, ದಾವಣಗೆರೆ

ಉತ್ತರ: ಫೀಡ್ ಎಂಬುದು ಬಸ್ ನಿಲ್ದಾಣದ ಕಪ್ಪು ಹಲಗೆಯಂತೆ. ಈಗ ನಡೆಯುತ್ತಿರುವುದನ್ನೂ ಮುಂದೆ ನಡೆಯಲಿರುವುದನ್ನೂ ಬರೆಯುತ್ತಾರೆ, ಮುಗಿದದ್ದನ್ನು ಒರೆಸಿಬಿಡುತ್ತಾರೆ. ಹಿಂದಿನದು ಬೇಕಾದರೆ ಹಲಗೆಯ ಚಿತ್ರವನ್ನು ನೀವೇ ದಿನವೂ ತೆಗೆದಿಡಬೇಕು. ಪ್ರತಿದಿನ ನಿಗದಿತ ಹೊತ್ತಿಗೆ ಫೈಲ್ ಇಳಿಸಿ, ಅದನ್ನು ತಿದ್ದದೆ ಹಾಗೆಯೇ ಉಳಿಸಿ, ಟೇಬಲ್‌ಗೆ ಸೇರಿಸುವಾಗ ಇಳಿಸಿಕೊಂಡ ಸಮಯವನ್ನು ಒಂದು ಕಾಲಂ ಆಗಿ ಹಾಕಿ. ಒಂದಕ್ಕಿಂತ ಹೆಚ್ಚು ರಾಜ್ಯಗಳ ಫೀಡ್ ಕೂಡಿಸುವುದಾದರೆ ಐಡಿ ಒಂದನ್ನೇ ನಂಬಬೇಡಿ, ರಾಜ್ಯದ ಹೆಸರನ್ನೂ ಸೇರಿಸಿ ಕೀಲಿ ಮಾಡಿಕೊಳ್ಳಿ. ಎರಡು ಕಡೆ ಒಂದೇ ಐಡಿ ಬರುವುದನ್ನು ಯಾರೂ ತಡೆದಿಲ್ಲ.

ಹೀಗೆ ಕೂಡಿಟ್ಟ ಟೇಬಲ್‌ನಲ್ಲಿ ಒಂದೇ ಐಡಿ ದಿನಕ್ಕೊಂದು ಸಾಲಿನಂತೆ ಇರುತ್ತದೆ. ‘ಲ್ಯಾಗ್’ ಎಂಬ ವಿಂಡೋ ಫಂಕ್ಷನ್ನಿಗೆ ‘ಎಂಡ್ ಡೇಟ್’ ಕೊಟ್ಟು, ಐಡಿಯಿಂದ ವಿಭಜಿಸಿ, ಇಳಿಸಿಕೊಂಡ ಸಮಯದಿಂದ ಕ್ರಮಗೊಳಿಸಿದರೆ ನಿನ್ನೆ ಹೇಳಿದ ಮುಕ್ತಾಯದ ದಿನ ಇಂದಿನ ಸಾಲಿನ ಪಕ್ಕಕ್ಕೇ ಬರುತ್ತದೆ. ಎರಡೂ ಬೇರೆಯಾಗಿರುವ ಸಾಲುಗಳೇ ನಿಮಗೆ ಬೇಕಾದವು: ಯಾವ ಕಾಮಗಾರಿ ಎಷ್ಟು ಸಲ, ಎಷ್ಟು ದಿನ ಮುಂದಕ್ಕೆ ಹೋಯಿತು ಎಂಬುದೆಲ್ಲ ಅಲ್ಲಿದೆ. ಆ ಸಂಖ್ಯೆಗಳನ್ನು ನೋಡಿ ಗುತ್ತಿಗೆದಾರರನ್ನು ದೂರುವ ಮೊದಲು ‘ಈಸ್ ಎಂಡ್ ಡೇಟ್ ವೆರಿಫೈಡ್’ ಕಾಲಂ ಅನ್ನು ಪಕ್ಕಕ್ಕಿಟ್ಟುಕೊಳ್ಳಿ. ಅದು ‘ಫಾಲ್ಸ್’ ಆಗಿದ್ದರೆ ಆ ದಿನಾಂಕ ಅಂದಾಜು ಎಂದು ಪ್ರಕಟಿಸಿದವರೇ ಒಪ್ಪಿಕೊಂಡಿದ್ದಾರೆ. ನಮೂನೆಯ ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಬದಲು ‘ಎಂಡ್ ಡೇಟ್ ಆಕ್ಯುರಸಿ’ ಎಂಬ ಕಾಲಂ ಇದ್ದು, ‘ಎಸ್ಟಿಮೇಟೆಡ್’ ಅಥವಾ ‘ವೆರಿಫೈಡ್’ ಎಂದು ಬರೆದಿರುತ್ತದೆ. ಫೀಡ್ ಮಧ್ಯದಲ್ಲಿ ಆವೃತ್ತಿ ಬದಲಿಸಿದರೆ ನಿಮ್ಮ ಕ್ವೆರಿ ಅರ್ಧದಾರಿಯಲ್ಲಿ ಕುರುಡಾಗುತ್ತದೆ, ಆದ್ದರಿಂದ ಫೀಡ್‌ನ ತಲೆಭಾಗದ ‘ವರ್ಷನ್’ ಮೌಲ್ಯವನ್ನೂ ಪ್ರತಿ ಸಾಲಿನೊಡನೆ ಉಳಿಸಿ.

ಒಂದು ಐಡಿ ಪಟ್ಟಿಯಿಂದ ಮಾಯವಾದ ದಿನವನ್ನು ‘ಕೆಲಸ ಮುಗಿದ ದಿನ’ ಎಂದು ಹಿಡಿಯಲು ಮನಸ್ಸು ಎಳೆಯುತ್ತದೆ. ಅದೇ ದಿನ ಬೇರೆ ಎಷ್ಟು ಐಡಿಗಳು ಮಾಯವಾದವು ಎಂದು ಇಳಿಸಿಕೊಂಡ ದಿನದ ಮೇಲೆ ‘ಗ್ರೂಪ್ ಬೈ’ ಮಾಡಿ ನೋಡಿ. ಅರ್ಧಕ್ಕರ್ಧ ಐಡಿಗಳು ಒಂದೇ ರಾತ್ರಿ ಕಣ್ಮರೆಯಾಗಿ, ಅವೇ ರಸ್ತೆಗಳಲ್ಲಿ ಅಷ್ಟೇ ಹೊಸ ಐಡಿಗಳು ಹುಟ್ಟಿದ್ದರೆ, ಬದಲಾಗಿರುವುದು ಇಲಾಖೆಯ ತಂತ್ರಾಂಶ. ರಸ್ತೆಯ ಮೇಲಿನ ಕಿತ್ತಳೆ ಬಣ್ಣದ ಡ್ರಮ್ಮುಗಳು ಇದ್ದಲ್ಲೇ ಇರುತ್ತವೆ. ಅಂತಹ ದಿನದ ಸಾಲುಗಳನ್ನು ಅಳಿಸಬೇಡಿ. ಗುರುತು ಹಾಕಿ, ಲೆಕ್ಕದಿಂದ ಹೊರಗಿಡಿ, ಎಷ್ಟನ್ನು ಹೊರಗಿಟ್ಟಿರೆಂದು ಫಲಿತಾಂಶದ ಪಕ್ಕದಲ್ಲೇ ಬರೆಯಿರಿ.